ಪುಟ್ಟಿಗೆ, ಆ 2,800 ಡಿಗ್ರಿ ವಿಚಾರ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಪುಟ್ಟಿಗೆ, ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಂಡ್ಯದ ಸುದ್ದಿ ನಿಮ್ಮಮ್ಮ ದಿನಾ ಹೇಳುತ್ತಿರುತ್ತಾಳೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, ಅದಕ್ಕೋಸ್ಕರ ಬರೆಯುತ್ತಿದ್ದೇನೆ. ನಿಮ್ಮ ಅಮೆರಿಕದ ಲ್ಯಾಬಿಗೆ ಜಪಾನಿನಿಂದ ತರಿಸುವ ಕುಲುಮೆಗೆ ಸುಂಕ ಬೇಡ ಅಂತ ಕೇಳುವ ಅರ್ಜಿ ತುಂಬಿ ಕಳಿಸಿದ ಮೇಲೆ ನೀನು ಕೇಳಿದ್ದು: "ಸಹಿ ನನ್ನದಲ್ಲ. ಆದರೆ ಸುಳ್ಳು ನನ್ನದಾ ಮಾವ?"

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ನಿನ್ನ ಅತ್ತೆ ಏನಾಯ್ತು ಅಂತ ಕೇಳಿದಳು. ಏನಿಲ್ಲ ಅಂದೆ. ಫೋನಿನಲ್ಲೇ ಹೇಳಿಬಿಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ "ಏನೂ ಆಗಲ್ಲ ಬಿಡಮ್ಮ" ಅಂದುಬಿಡುತ್ತೇನೆ ಅಂತ ಭಯವಾಯಿತು. ಹಾಗೆ ಅನ್ನಬಾರದು ಅಂತಲೇ ಕೂತು ಬರೆಯುತ್ತಿದ್ದೇನೆ.

ನೀನು ಕಳಿಸಿದ ನಿಯಮದ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೆ. ಭೂತಗನ್ನಡಿ ಹಿಡಿದು ಮೂರು ರಾತ್ರಿ ಓದಿದೆ. ಓದುತ್ತಾ ಓದುತ್ತಾ ನನ್ನ ಹಳೇ ಟೇಬಲ್ ಮುಂದೆ ಕೂತ ಹಾಗಾಯಿತು. ಭಾಷೆ ಬೇರೆ, ದೇಶ ಬೇರೆ, ಆದರೆ ಕೇಳುವ ಪ್ರಶ್ನೆ ಅದೇ. 1950ರಲ್ಲಿ ಯುನೆಸ್ಕೋದವರು ಫ್ಲಾರೆನ್ಸ್‌ನಲ್ಲಿ ಸೇರಿ ಒಂದು ಒಪ್ಪಂದ ಮಾಡಿದರು. ಪುಸ್ತಕ, ಕಲಾಕೃತಿ, ವಿಜ್ಞಾನದ ಉಪಕರಣ ಇವೆಲ್ಲ ಗಡಿ ದಾಟುವಾಗ ಸುಂಕ ಬೇಡ ಅಂತ. ಅಮೆರಿಕದವರು ಅದಕ್ಕೆ ತಮ್ಮ ಕಾನೂನು ಮಾಡಿಕೊಂಡದ್ದು 1966ರಲ್ಲಿ. ಯುದ್ಧ ಮುಗಿದು ಐದು ವರ್ಷಕ್ಕೆ ಇಂಥದ್ದೊಂದು ಯೋಚನೆ ಬಂತಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಆದರೆ ಉಪಕರಣಕ್ಕೆ ಮಾತ್ರ ಒಂದು ಷರತ್ತು ಇಟ್ಟರು. ಅದಕ್ಕೆ ಸರಿಸಮನಾದದ್ದು ತರಿಸಿಕೊಳ್ಳುವ ದೇಶದಲ್ಲಿ ತಯಾರಾಗುತ್ತಿರಬಾರದು.

ನಿನ್ನ ಸಂಕಟ ಇರುವುದು ಆ ಷರತ್ತಿನಲ್ಲೇ ಅಲ್ವಾ.

ಜಪಾನಿನಿಂದ ಬರುವ ಆ ಕುಲುಮೆಯ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಕನ್ನಡಿಗಳಿಂದ ದೀಪದ ಬೆಳಕನ್ನು ಒಂದೇ ಕಡೆ ಕೂಡಿಸಿ, ಸರಳನ್ನು ಅಷ್ಟಗಲ ಮಾತ್ರ ಕರಗಿಸಿ, ನಿಧಾನಕ್ಕೆ ಹರಳು ಬೆಳೆಸುವುದು. ಎಂಥ ಚೆಂದದ ಕೆಲಸ! ಅದನ್ನು ನೋಡುವ ಆಸೆ ನನಗೂ ಆಯಿತು. ನಿಮ್ಮ ಹರಳುಗಳು 2,000 ಡಿಗ್ರಿಯೊಳಗೇ ಕರಗುತ್ತವೆ. ಅಮೆರಿಕದಲ್ಲೇ ಇರುವ ಒಂದು ಚಿಕ್ಕ ಕಂಪನಿಯ ಕುಲುಮೆ 2,150 ಡಿಗ್ರಿವರೆಗೆ ಹೋಗುತ್ತದೆ. ಆದರೆ ಅರ್ಜಿಯಲ್ಲಿ, ನಮಗೆ ಬೇಕಿರುವುದು ಇಷ್ಟು ಅಂತ ನೀನು ಬರೆದದ್ದು 2,800. "ಪ್ರೊಫೆಸರ್ ಕ್ಯಾಟಲಾಗ್ ಕೊಟ್ಟು ಅದರಲ್ಲಿರೋದನ್ನೇ ಹಾಕು ಅಂದ್ರು" ಅಂತ ಬರೆದಿದ್ದೀಯ.

ನನ್ನ ಕತೆ ನಿನಗೆ ಯಾರೂ ಹೇಳಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅತ್ತೆಗೂ ಗೊತ್ತಿಲ್ಲ.

1984. ನಾನು ಸಂಶೋಧನಾ ಸಂಸ್ಥೆಯ ಪರ್ಚೇಸ್ ಸೆಕ್ಷನ್‌ನಲ್ಲಿ ಟೈಪ್ ಮಾಡುತ್ತಿದ್ದೆ. ಆಗ ಹೊರದೇಶದಿಂದ ಒಂದು ಥರ್ಮಾಮೀಟರ್ ತರಿಸಬೇಕಾದರೂ ಲೈಸೆನ್ಸ್, ವಿದೇಶಿ ವಿನಿಮಯ, ದೆಹಲಿಗೆ ಫೈಲು. ಎಲ್ಲದಕ್ಕಿಂತ ಮುಖ್ಯವಾದದ್ದು 'ನಾಟ್ ಮ್ಯಾನುಫ್ಯಾಕ್ಚರ್ಡ್ ಇನ್ ಇಂಡಿಯಾ' ಅನ್ನುವ ಸರ್ಟಿಫಿಕೇಟ್. ಇದು ಇಲ್ಲಿ ತಯಾರಾಗುವುದಿಲ್ಲ ಅನ್ನುವ ಆ ಒಂದು ಮಾತಿನ ಮೇಲೆ ಮಿಕ್ಕಿದ್ದೆಲ್ಲ ನಿಂತಿರುತ್ತಿತ್ತು. ಒಂದು ಲ್ಯಾಬಿಗೆ ವಾಟರ್ ಬಾತ್ ಬೇಕಿತ್ತು. ನೀರನ್ನು ಒಂದೇ ಬಿಸಿಯಲ್ಲಿ ಹಿಡಿದಿಡುವ ತೊಟ್ಟಿ, ಅಷ್ಟೇ. ವಿಜ್ಞಾನಿಗಳು ಬಂದು ನಮ್ಮ ಟೇಬಲ್ ಹತ್ತಿರ ಮಾತಾಡುವಾಗ "ಅರ್ಧ ಡಿಗ್ರಿ ಆಚೆ ಈಚೆ ಆದರೂ ನಡೆಯುತ್ತೆ" ಅಂದದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೆ. ಆದರೆ ಪಕ್ಕದ ಲ್ಯಾಬಿನಲ್ಲಿ ಫಾರಿನ್‌ದು ಇತ್ತು. ಇವರಿಗೂ ಅದೇ ಬೇಕಿತ್ತು. ಕ್ಯಾಟಲಾಗ್ ನನ್ನ ಕೈಗೆ ಬಂತು. ಅದರಲ್ಲಿ 0.05 ಡಿಗ್ರಿ ಅಂತ ಇತ್ತು. ನಾನು 0.05 ಅಂತ ಟೈಪ್ ಮಾಡಿದೆ. ಕಾರ್ಬನ್ ಹಾಕಿ ನಾಲ್ಕು ಕಾಪಿ. ಸಹಿ ದೊಡ್ಡವರದು.

ಹದಿನೈದು ದಿನಕ್ಕೆ ಒಬ್ಬರು ಬಂದರು. ಮೇಟಗಳ್ಳಿ ಕಡೆ ಒಂದು ಶೆಡ್ ಇಟ್ಟುಕೊಂಡು ಓವನ್, ವಾಟರ್ ಬಾತ್ ಮಾಡಿ ಕಾಲೇಜುಗಳಿಗೆ ಕೊಡುತ್ತಿದ್ದರು. ನಮಗೆ ಬೇಕಿದೆ ಅಂತ ಯಾರಿಂದಲೋ ತಿಳಿದಿತ್ತು. ತಾವು ಮಾಡಿದ್ದನ್ನು ಸ್ಕೂಟರ್ ಹಿಂದೆ ಸೈಕಲ್ ಟ್ಯೂಬಿನಲ್ಲಿ ಕಟ್ಟಿಕೊಂಡು ತಂದಿದ್ದರು. ಸ್ಟೋರ್ಸ್ ವರಾಂಡದಲ್ಲಿ ಇಟ್ಟು, ನಲ್ಲಿಯಿಂದ ನೀರು ತುಂಬಿಸಿ, ಥರ್ಮಾಮೀಟರ್ ಇಳಿಬಿಟ್ಟು, ಪಕ್ಕದಲ್ಲೇ ಮೂರು ಗಂಟೆ ಕೂತರು. ಊಟಕ್ಕೂ ಏಳಲಿಲ್ಲ. ಅರ್ಧ ಗಂಟೆಗೊಂದು ಸಲ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. 0.2ಕ್ಕಿಂತ ಜಾಸ್ತಿ ಅಲುಗಾಡಲಿಲ್ಲ. ನಾನೇ ನೋಡಿದೆ.

ಸ್ಪೆಸಿಫಿಕೇಶನ್‌ನಲ್ಲಿ 0.05 ಇದೆ, ಆಗಲ್ಲ ಅಂದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. "ಅದು ಸರಿ ಸಾರ್. ನಿಮಗೆ ಬೇಕಿರೋದು ಎಷ್ಟು?" ಅಂತ ಕೇಳಿದರು.

ನನಗೆ ಉತ್ತರ ಗೊತ್ತಿತ್ತು ಪುಟ್ಟಿ. ಅರ್ಧ ಡಿಗ್ರಿ. ಎರಡೇ ಮಾತು. ನಾನು ಹೇಳಲಿಲ್ಲ. ಫೈಲು ಎತ್ತಿಕೊಂಡು ಒಳಗೆ ಹೋದೆ. ವಾಪಸ್ ಬಂದಾಗ ಅವರು ಹೋಗಿದ್ದರು. ಚೆಲ್ಲಿದ ನೀರು ವರಾಂಡದಲ್ಲಿ ಹಾಗೇ ಇತ್ತು.

ಆ ವರ್ಷ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ನಿಮ್ಮಮ್ಮ ನಿನಗೆ ಹೇಳಿದ್ದಾಳೆ. ಕೆಲಸಕ್ಕೆ ಏನಾದರೂ ಆದರೆ ಅನ್ನುವ ಹೆದರಿಕೆ ನನಗಿತ್ತು. ಅದೂ ನಿಜ. ಆದರೆ ನಲವತ್ತು ವರ್ಷ ಆ ನೆಪ ಹೇಳಿಕೊಂಡೂ ಮನಸ್ಸಿಗೆ ಹಿತವಾಗಲಿಲ್ಲ.

ಮಷಿನ್ ಮದ್ರಾಸ್ ಬಂದರಿಗೆ ಬಂತು. ಒಂದು ಕಾಗದ ಕಡಿಮೆ ಇತ್ತು, ಅಲ್ಲೇ ಕೂತು ಡೆಮರೇಜ್, ಅಂದರೆ ಸರಕು ತಡವಾಗಿ ಬಿಡಿಸಿಕೊಂಡದ್ದಕ್ಕೆ ದಂಡ, ಬಿತ್ತು. ಬಂದ ಮೇಲೆ ಚೆನ್ನಾಗೇ ನಡೆಯಿತು. ಎರಡು ವರ್ಷಕ್ಕೆ ಒಳಗಿನ ಒಂದು ಚಿಕ್ಕ ರಿಲೇ ಸುಟ್ಟಿತು. ಅದಕ್ಕೆ ಮತ್ತೆ ಲೈಸೆನ್ಸ್, ಮತ್ತೆ ಡಾಲರ್. 14 ತಿಂಗಳು ಅದು ಪ್ಲಾಸ್ಟಿಕ್ ಹೊದ್ದುಕೊಂಡು ಮೂಲೆಯಲ್ಲಿತ್ತು. ಅಷ್ಟು ದಿನ ಆ ಲ್ಯಾಬಿನವರು ಯಾವುದೋ ಕಾಲೇಜಿನಿಂದ ಇಲ್ಲಿಯದೇ ಒಂದು ವಾಟರ್ ಬಾತ್ ಎರವಲು ತಂದು ಕೆಲಸ ಮುಗಿಸಿದರು. ಅದರ ಮೇಲೆ ಯಾರ ಹೆಸರಿನ ಪ್ಲೇಟ್ ಇತ್ತು ಅಂತ ನಾನು ಬಗ್ಗಿ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಕಾಲ ಬದಲಾಯಿತು. 1996ರ ಜುಲೈ 23ಕ್ಕೆ 51ನೇ ಕಸ್ಟಮ್ಸ್ ನೋಟಿಫಿಕೇಶನ್ ಬಂತು. ಡಿಎಸ್‌ಐಆರ್, ಅಂದರೆ ಕೇಂದ್ರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ನೋಂದಣಿ ಇದ್ದು, ಸಂಸ್ಥೆಯ ಮುಖ್ಯಸ್ಥರು 'ಇದು ಸಂಶೋಧನೆಗೆ ಮಾತ್ರ' ಅಂತ ಬರೆದುಕೊಟ್ಟರೆ ಸುಂಕದಲ್ಲಿ ರಿಯಾಯಿತಿ. ಐದು ವರ್ಷ ಮಾರಬಾರದು, ಬೇರೆಯವರಿಗೆ ದಾಟಿಸಬಾರದು. ಅಷ್ಟು ಹೊತ್ತಿಗೆ ನಾನು ಸ್ಟೋರ್ಸ್ ಆಫೀಸರ್. ಇದು ತರಿಸಿಕೊಡಿ ಅನ್ನುವ ಇಂಡೆಂಟ್ ಬಂದಾಗಲೆಲ್ಲ "ನಿಮಗೆ ಬೇಕಿರೋದು ಎಷ್ಟು?" ಅಂತ ಕೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಕೇಳುವಾಗೆಲ್ಲ ಅದು ಅವರದೇ ದನಿ ಅನ್ನಿಸುತ್ತಿತ್ತು. ಒಂದು ಸಲ ಮೇಟಗಳ್ಳಿ ಕಡೆ ಹುಡುಕಿಕೊಂಡೂ ಹೋದೆ. ಆ ಶೆಡ್ ಜಾಗದಲ್ಲಿ ಟೈಲ್ಸ್ ಅಂಗಡಿ ಇತ್ತು. ಅದಕ್ಕೆ ನಾನೇ ಕಾರಣ ಅಂತ ಹೇಳುತ್ತಿಲ್ಲ. ಒಂದು ವಾಟರ್ ಬಾತ್‌ನಿಂದ ಯಾರೂ ಬೀದಿಗೆ ಬೀಳುವುದಿಲ್ಲ. ಆದರೆ ನನ್ನಂಥ ಗುಮಾಸ್ತರು ಎಷ್ಟು ಜನ ಎಷ್ಟು ಕಡೆ ಅವರಿಗೆ ಹಾಗೆ ಹೇಳಿದ್ದರೋ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಿಮ್ಮಲ್ಲಿಯ ನಿಯಮದ ಒಂದು ಜಾಗದಲ್ಲಿ ನನ್ನ ಕೈ ನಿಂತುಹೋಯಿತು. ಹೋಲಿಸಿ ನೋಡುವಾಗ ಲೆಕ್ಕಕ್ಕೆ ಬರುವುದು ನೀವು ಹೇಳಿದ ಸಂಶೋಧನೆಗೆ ಅಗತ್ಯವಾದ ಗುಣಗಳು ಮಾತ್ರ ಅಂತ ಇದೆ. ಅನುಕೂಲ, ಸ್ವಂತ ಇಷ್ಟ, ಕಡಿಮೆ ಖರ್ಚು, ರಿಪೇರಿ ಸುಲಭ, ಇವು ಯಾವುದೂ ಲೆಕ್ಕಕ್ಕಿಲ್ಲ. ಸ್ಕೂಟರ್ ಹಿಂದೆ ವಾಟರ್ ಬಾತ್ ಕಟ್ಟಿಕೊಂಡು ಬಂದವರು ಕೇಳಿದ ಪ್ರಶ್ನೆಯನ್ನೇ ಅವರು ಕಾನೂನಿನಲ್ಲಿ ಬರೆದಿಟ್ಟಿದ್ದಾರೆ.

ಇನ್ನೊಂದು ಇದೆ. ಅರ್ಜಿಯ ವಿಷಯ ಫೆಡರಲ್ ರಿಜಿಸ್ಟರ್‌ನಲ್ಲಿ, ಅಂದರೆ ಅಲ್ಲಿಯ ಸರ್ಕಾರಿ ಗೆಜೆಟ್‌ನಲ್ಲಿ, ಪ್ರಕಟವಾಗುತ್ತದೆ. 20 ದಿನದೊಳಗೆ ಯಾರು ಬೇಕಾದರೂ, ಇದು ನಾವು ಇಲ್ಲೇ ಮಾಡುತ್ತೇವೆ ಅಂತ ಬರೆಯಬಹುದು. ನೀನು ಅದಕ್ಕೂ ಹೆದರಿದ್ದೀಯ, ಆ ಕಂಪನಿಯವರು ಬರೆದರೆ ಏನು ಗತಿ ಅಂತ. ನನಗೆ ಅದನ್ನು ಓದಿ ಕಣ್ಣು ತುಂಬಿತು. ನಮ್ಮವರಿಗೆ ಅಂಥ 20 ದಿನ ಇರಲಿಲ್ಲ. ಮೂರು ಗಂಟೆ ಮತ್ತು ಒಂದು ವರಾಂಡ, ಅಷ್ಟೇ ಇದ್ದದ್ದು.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. ಸುಳ್ಳು ನಿನ್ನದಾ? ಇನ್ನೂ ಅದು ಸುಳ್ಳೋ ಅಲ್ಲವೋ ಅಂತಲೇ ನಿನಗೆ ಗೊತ್ತಿಲ್ಲ ಅಲ್ವಾ. ಅದನ್ನು ಮೊದಲು ತಿಳಿದುಕೋ ಕಣಮ್ಮ. ನಿಮ್ಮ ಪ್ರೊಫೆಸರ್ ಮನಸ್ಸಿನಲ್ಲಿ ಮುಂದಿನ ಯಾವುದೋ ಹರಳು ಇರಬಹುದು. ನಿಜವಾಗಿಯೂ 2,800 ಬೇಕಾಗುವಂಥದ್ದು. ಇದ್ದರೆ ಅದು ಯಾವುದು, ಯಾಕೆ ಅಂತ ಅರ್ಜಿಯಲ್ಲಿ ಬರೆದಿರಬೇಕಾಗಿತ್ತು, ಈಗಲಾದರೂ ಸೇರಿಸಬೇಕು. ಇಲ್ಲದಿದ್ದರೆ ಆ ಅಂಕಿ ಅಲ್ಲಿರಬಾರದು. ಜಗಳಕ್ಕೆ ಹೋದ ಹಾಗೆ ಕೇಳಬೇಡ. "ಸಾರ್, ಈ 2,800 ಯಾವ ಸ್ಯಾಂಪಲ್‌ಗೆ ಅಂತ ಬರೀಲಿ?" ಅಂತ ಕೇಳು. ಇಷ್ಟು ಕೇಳಿದರೆ ಕೆಲಸ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿಯ ಪದ್ಧತಿ ನೀನು ಬಲ್ಲೆ, ನಾನು ದೂರ ಕೂತು ಹೇಳುತ್ತಿದ್ದೇನೆ.

ಆ ಚಿಕ್ಕ ಕಂಪನಿಗೆ ಒಂದು ಮೇಲ್ ಹಾಕಬಹುದಾ? ನಮಗೆ ಬೇಕಿರುವುದು ಇಷ್ಟು, ಇಷ್ಟು ದಿನದಲ್ಲಿ ಬೇಕು, ಕೊಡುತ್ತೀರಾ ಅಂತ. ಆಗಲ್ಲ ಅಂತ ಉತ್ತರ ಬಂದರೆ ಅದಕ್ಕಿಂತ ಒಳ್ಳೆಯ ಕಾಗದ ನಿನ್ನ ಅರ್ಜಿಗೆ ಸಿಗುವುದಿಲ್ಲ. ಆಗುತ್ತೆ ಅಂದರೆ, ಆಗಲೂ ನಿನಗೆ ನಿಜ ಗೊತ್ತಾಯಿತು. ಸುಂಕ ಕಟ್ಟಿಯೇ ಜಪಾನಿನದ್ದು ತರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದು ದುಡ್ಡಿನ ವಿಚಾರ. ದುಡ್ಡಿನ ಚಿಂತೆ ಪ್ರೊಫೆಸರ್‌ಗೆ ಇರಲಿ, ನಿನಗೆ ಬೇಡ.

ಕಳಿಸಿದ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳುವ ದಾರಿಯೂ ಇದೆ, ನಾನು ಆ ಹಾಳೆಗೆ ಗುರುತು ಹಾಕಿ ಇಟ್ಟಿದ್ದೇನೆ. ಕೊರತೆ ಇದೆ ಅಂತ ಅವರು ತಿರಸ್ಕರಿಸಿದರೂ ಸರಿಮಾಡಿ ಮತ್ತೆ ಹಾಕಲು ಅವಕಾಶ ಕೊಡುತ್ತಾರೆ. ಅಷ್ಟು ಬಾಗಿಲು ತೆರೆದಿದೆ. ನಾನು ಟೈಪ್ ಮಾಡಿದ್ದು ದೆಹಲಿಗೆ ಹೋದ ಮೇಲೆ ಯಾವ ಬಾಗಿಲೂ ಇರಲಿಲ್ಲ ಅಂತ ಹೇಳಿದರೆ ಅದೂ ತಪ್ಪು. ಇತ್ತು. ನಾನು ತಟ್ಟಲಿಲ್ಲ.

ಹಾ, ಐದು ವರ್ಷದ ಷರತ್ತು ನಿಮ್ಮಲ್ಲೂ ಇದೆ. ಹೊರಗಿನ ಕಂಪನಿಗಳಿಗೆ ದುಡ್ಡಿಗೆ ಹರಳು ಬೆಳೆಸಿಕೊಡುವ ಮಾತು ಲ್ಯಾಬಿನಲ್ಲಿ ಬಂದರೆ ಇದನ್ನು ನೆನಪಿಸು. ಇದು ನೀನು ಕೇಳಿದ್ದಲ್ಲ, ಸುಮ್ನೆ ಸೇರಿಸಿದೆ.

ಮತ್ತೆ ಅದೇ ಸಾಲಿಗೆ ಮನಸ್ಸು ಹೋಗುತ್ತಿದೆ. "ಸಹಿ ನನ್ನದಲ್ಲ." ನಾನೂ ಅದನ್ನೇ ಹೇಳಿಕೊಂಡಿದ್ದೆ. ನೀನು ಅಷ್ಟಕ್ಕೇ ನಿಲ್ಲಿಸದೆ ಮುಂದಿನ ಪ್ರಶ್ನೆಯನ್ನೂ ಕೇಳಿದ್ದೀಯ. ಅರ್ಜಿ ಹೋಗಿ ಆರೇ ದಿನಕ್ಕೆ ಕೇಳಿದ್ದೀಯ. ನನಗೆ ಅದನ್ನು ಬಾಯಿಬಿಟ್ಟು ಹೇಳಲು ನಿನ್ನ ಪತ್ರ ಬರಬೇಕಾಯಿತು. ಅದಕ್ಕೇ ನಿನ್ನ ಮೇಲೆ ನನಗೆ ಭಯ ಇಲ್ಲ. ನಿನಗೋಸ್ಕರ ಸ್ವಲ್ಪ ಇದೆ.

ಬುಧವಾರ ಮಧ್ಯಾಹ್ನ ಪ್ರೊಫೆಸರ್ ಹತ್ತಿರ ಕೂತು ಮಾತಾಡುತ್ತೇನೆ ಅಂತ ಬರೆದಿದ್ದೀಯ. ನಿಮ್ಮ ಮಧ್ಯಾಹ್ನ ನಮಗೆ ನಡುರಾತ್ರಿ. ನಾನು ಎದ್ದೇ ಇರುತ್ತೇನೆ. ಎಷ್ಟು ಹೊತ್ತಾದರೂ ಫೋನ್ ಮಾಡು. ಅತ್ತೆಗೆ ಎಚ್ಚರವಾದರೆ ಆಗಲಿ, ಅವಳಿಗೂ ಅವತ್ತೇ ವಾಟರ್ ಬಾತ್ ವಿಷಯ ಹೇಳಿಬಿಡುತ್ತೇನೆ.

ಇತಿ,
ನಿನ್ನ ಮಾವ