ಹನ್ನೊಂದನೇ ಕ್ಲಾಸಿಗೆ ಹೊರಟ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ಆಡಿದ ಮಾತನ್ನೆಲ್ಲ ಮತ್ತೆ ಇಲ್ಲಿ ಬರೆಯುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಾಗಿದೆ, ಹೇಳಿದ ವಿಷಯಕ್ಕಲ್ಲ. ನಿನ್ನ ಹೊಸ ಶಾಲೆ ಪ್ಲೇನೋ ವೆಸ್ಟ್‌ನ ಕೋರ್ಸ್ ಫಾರ್ಮಿನಲ್ಲಿ ಬ್ಯಾಂಡ್ (ಶಾಲೆಯ ವಾದ್ಯತಂಡ) ತೆಗೆದು ಆ ಜಾಗಕ್ಕೆ ಎಪಿ, ಅಂದರೆ ಕಾಲೇಜು ಮಟ್ಟದ, ಎನ್ವಿರಾನ್ಮೆಂಟಲ್ ಸೈನ್ಸ್ ಹಾಕಿದ್ದೀಯ. ಶುಕ್ರವಾರ ಫಾರ್ಮ್ ಕೊಡಬೇಕು. ಎದುರುಬದುರು ಕೂತರೆ ಇಬ್ಬರಿಗೂ ಸಿಟ್ಟು ಬರುತ್ತದೆ, ಅದಕ್ಕೇ ಈ ಕಾಗದ.

ಬ್ಯಾಂಡ್ ಬಿಟ್ಟು ಎಪಿ ತೆಗೆದುಕೊಂಡರೆ ಜಿಪಿಎ (ಗ್ರೇಡುಗಳ ಸರಾಸರಿ) ಏರುತ್ತದೆ ಅನ್ನುವ ನಿನ್ನ ಲೆಕ್ಕ ತಪ್ಪಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಎಪಿಯಲ್ಲಿ ಬಂದ ಎ ಗ್ರೇಡಿಗೆ 5, ಬ್ಯಾಂಡಿನ ಎ ಗ್ರೇಡಿಗೆ 4 ಎಂದಿಟ್ಟುಕೊಂಡರೆ ಬ್ಯಾಂಡಿನಲ್ಲಿ ನೂರಕ್ಕೆ ನೂರು ತೆಗೆದರೂ ಸರಾಸರಿ ಇಳಿಯುತ್ತದೆ. ಆದರೆ ಎಷ್ಟು? ಹನ್ನೊಂದನೇ ಕ್ಲಾಸು ಮುಗಿಯುವ ಹೊತ್ತಿಗೆ ವರ್ಷಕ್ಕೆ 7ರಂತೆ 21 ಕೋರ್ಸ್. ಒಂದು 4 ಹೋಗಿ 5 ಆದರೆ ಜಿಪಿಎ ಏರುವುದು 21ರಲ್ಲಿ ಒಂದು ಪಾಲು, ಅಂದರೆ 0.05ರ ಆಸುಪಾಸು. ಅದೇ ವರ್ಷ ಇನ್ನೊಂದು ಎಪಿಯಲ್ಲಿ ಎ ಹೋಗಿ ಬಿ ಬಂತೋ, ಆ 0.05 ಹೊರಟುಹೋಯಿತು. ನಿನ್ನ ಪಟ್ಟಿಯಲ್ಲಿ ಆಗಲೇ ಐದು ಎಪಿ, ಕ್ಯಾಲ್ಕುಲಸ್ ಬಿಸಿ, ಕೆಮಿಸ್ಟ್ರಿ, ಫಿಸಿಕ್ಸ್ 1, ಇಂಗ್ಲಿಷ್ ಲ್ಯಾಂಗ್ವೇಜ್, ಯುಎಸ್ ಹಿಸ್ಟರಿ ಇವೆ. ಕೊನೆಯ ಎರಡೂ ಓದಿ ಬರೆಯುವ ವಿಷಯಗಳು. ಹಿಸ್ಟರಿ ಪರೀಕ್ಷೆಯ ಡಿಬಿಕ್ಯೂ (ದಾಖಲೆ ಆಧರಿಸಿದ ಪ್ರಶ್ನೆ) ಒಂದಕ್ಕೇ 7 ದಾಖಲೆ ಓದಿ 60 ನಿಮಿಷದಲ್ಲಿ ಪ್ರಬಂಧ ಬರೆಯಬೇಕು. ಅದರ ಅಭ್ಯಾಸ ವರ್ಷವಿಡೀ ನಡೆಯುತ್ತದೆ, ಇಂಗ್ಲಿಷಿನ ಪ್ರಬಂಧಗಳೂ ಅದೇ ವಾರಗಳಲ್ಲಿ ಬರುತ್ತವೆ. ಬಿ ಹುಟ್ಟುವುದು ಇಂಥ ವಾರಗಳಲ್ಲೇ, ಕಷ್ಟದ ಪಾಠದಿಂದಲ್ಲ.

ಇನ್ನು ರ‍್ಯಾಂಕ್. ಟೆಕ್ಸಸ್‌ನಲ್ಲಿ 1997ರಿಂದ ಟಾಪ್ 10 ಪರ್ಸೆಂಟ್ ಕಾನೂನಿದೆ, ಕ್ಲಾಸಿನ ಮೇಲಿನ 10 ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಯೂನಿವರ್ಸಿಟಿಗಳಲ್ಲಿ ಸೀಟು ಖಾತ್ರಿ; ಯುಟಿ ಆಸ್ಟಿನ್ ಮಟ್ಟಿಗೆ ಅದು 6ಕ್ಕೆ ಇಳಿದು, 2026ರ ಫಾಲ್‌ನಿಂದ 5 ಪರ್ಸೆಂಟ್ ಆಗಿದೆ. ಆ 5ರೊಳಗೆ ಬಂದರೂ ಖಾತ್ರಿಯಾಗುವುದು ಯೂನಿವರ್ಸಿಟಿ ಸೀಟು ಮಾತ್ರ. ಕಂಪ್ಯೂಟರ್ ಸೈನ್ಸ್ ಮೇಜರ್ (ಮುಖ್ಯ ವಿಷಯ) ಅಲ್ಲ. ಮೇಜರ್ ಕೊಡುವಾಗ ಪ್ರಬಂಧ, ಚಟುವಟಿಕೆ ಎಲ್ಲ ನೋಡುತ್ತಾರೆ. ಮೊದಲ ಬಾಗಿಲಿಗೆಂದು ನೀನು ಬಿಡುತ್ತಿರುವ ಬ್ಯಾಂಡೇ ಎರಡನೇ ಬಾಗಿಲಿಗೆ, ಅಂದರೆ ಮೇಜರ್‌ಗೆ, ಬೇಕಾಗುತ್ತದೆ.

ಆದರೆ ನನಗೆ ನಿದ್ದೆ ಬಾರದಿರುವುದು ಇದಕ್ಕಲ್ಲ.

ಪ್ಲೇನೋದ ಏರ್ಪಾಡು ನೋಡು. ಅಮೆರಿಕದ ಹೆಚ್ಚಿನ ಹೈಸ್ಕೂಲುಗಳಲ್ಲಿ ನಾಲ್ಕೂ ವರ್ಷ ಒಂದೇ ಕಟ್ಟಡ. ಇಲ್ಲಿ 9 ಮತ್ತು 10 ಒಂದು ಕಡೆ, 11 ಮತ್ತು 12 ಸೀನಿಯರ್ ಹೈನಲ್ಲಿ. ಜ್ಯಾಸ್ಪರ್ ಮತ್ತು ಶೆಪ್ಟನ್‌ನ ಮಕ್ಕಳೆಲ್ಲ ಬಂದು ಸೇರುವುದು ಪ್ಲೇನೋ ವೆಸ್ಟ್‌ಗೆ. ಎರಡೇ ಕ್ಲಾಸು, ಸಾವಿರಗಟ್ಟಲೆ ಮಕ್ಕಳು. ದೊಡ್ಡ ಶಾಲೆಯ ಒಳ್ಳೆಯದು ನನಗೆ ಗೊತ್ತು: ಸಣ್ಣ ಊರಿನ ಶಾಲೆಯಲ್ಲಿ ಕ್ಯಾಲ್ಕುಲಸ್ ಬಿಸಿಗೆ ಹತ್ತು ಮಕ್ಕಳು ಸಿಗುವುದೇ ಕಷ್ಟ, ಇಲ್ಲಿ ಒಂದು ವಿಷಯಕ್ಕೇ ಹಲವು ಸೆಕ್ಷನ್. ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕಾಲಿನ್ ಕಾಲೇಜಿನ ಡ್ಯುಯಲ್ ಕ್ರೆಡಿಟ್ ಕೋರ್ಸುಗಳು ಬೇರೆ. ಇದಕ್ಕಾಗಿಯೇ ನಾವು ಈ ಊರಿಗೆ ಬಂದದ್ದು.

ಆದರೆ ಹನ್ನೆರಡನೆಯ ಕ್ಲಾಸಿನ ಅಕ್ಟೋಬರ್ ಯೋಚಿಸು. ಕಾಲೇಜಿಗೆ ಶಿಫಾರಸು ಪತ್ರ ಬೇಕು. ಒಂಬತ್ತು, ಹತ್ತರಲ್ಲಿ ಕಲಿಸಿದವರು ಬೇರೆ ಕಟ್ಟಡದಲ್ಲಿದ್ದಾರೆ. ಹನ್ನೆರಡರ ಟೀಚರ್ ನಿನ್ನನ್ನು ನೋಡಿ ಎರಡು ತಿಂಗಳು. ಹನ್ನೊಂದರವರು ಒಂದು ವರ್ಷ ನೋಡಿರುತ್ತಾರೆ, ಅದೂ ಆರು ಸೆಕ್ಷನ್‌ಗಳ ಮಕ್ಕಳ ಜೊತೆ. ಕೌನ್ಸೆಲರ್ ಹೊಸಬರು. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿಗಿಂತ ಹೆಚ್ಚಿರಬಾರದು ಎಂದು ಅವರ ರಾಷ್ಟ್ರೀಯ ಸಂಘವೇ ಹೇಳುತ್ತದೆ. ದೊಡ್ಡ ಶಾಲೆಗಳಲ್ಲಿ ಅದು ಅಪರೂಪ. ಹಾಗಾದರೆ ಹದಿನಾಲ್ಕರಿಂದ ಹದಿನೆಂಟರವರೆಗೆ ನಿನ್ನನ್ನು ಒಂದೇ ಸಮನೆ ನೋಡಿದ ದೊಡ್ಡವರು ಯಾರು? ಬ್ಯಾಂಡಿನವರು. ಮಾರ್ಚಿಂಗ್ ಬ್ಯಾಂಡಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳು ಒಟ್ಟಿಗಿರುತ್ತಾರೆ. ಕಟ್ಟಡ ಬದಲಾದರೂ ನಿನಗೆ ಕಡಿಯದ ನೂಲು ಅದೊಂದೇ.

ಪತ್ರಕ್ಕಾಗಿ ಮಾತ್ರ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಮೈದಾನದಲ್ಲಿ ಎಲ್ಲಿ ನಿಲ್ಲಬೇಕೆಂದು ಗುರುತಿಡುವ ನಿನ್ನ ಡಾಟ್ ಬುಕ್ಕಿನಲ್ಲಿ ನೀನೇ ಬರೆದುಕೊಂಡಿದ್ದೀಯಲ್ಲ: 35ರ ಗೆರೆಯಿಂದ 2 ಹೆಜ್ಜೆ ಒಳಗೆ, ಮೈದಾನದ ಮುಂಭಾಗದ ಹ್ಯಾಶ್ ಗುರುತಿನಿಂದ 4 ಹೆಜ್ಜೆ ಹಿಂದೆ. ಐದು ಗಜಕ್ಕೆ ಎಂಟು ಹೆಜ್ಜೆ, ಒಂದೊಂದೂ ಇಪ್ಪತ್ತೆರಡೂವರೆ ಇಂಚು. ಆ ಜಾಗದಲ್ಲಿ ನೀನಿಲ್ಲದಿದ್ದರೆ ಮೇಲಿನ ಟವರಿನಿಂದ ನೋಡುವವರಿಗೆ ಬ್ಯಾಂಡ್ ನಿಂತ ಆಕಾರದಲ್ಲಿ ತೂತು ಕಾಣುತ್ತದೆ. ಎಲ್ಲಿ ಅವಳು ಎಂದು ತಕ್ಷಣ ಕೇಳುತ್ತಾರೆ. ಎಪಿ ಕ್ಲಾಸಿನಲ್ಲಿ ನೀನಿಲ್ಲದಿದ್ದರೆ ಕಂಪ್ಯೂಟರ್ ನಮಗೊಂದು ಮೆಸೇಜ್ ಕಳಿಸುತ್ತದೆ. ಒಂದು ದಿನ ನಿನಗೆ ಮನಸ್ಸು ಸರಿಯಿಲ್ಲ, ಮನೆಯಲ್ಲೂ ಹೇಳುತ್ತಿಲ್ಲ ಅನ್ನು. ಅಷ್ಟು ದೊಡ್ಡ ಕಾರಿಡಾರಿನಲ್ಲಿ ಅದನ್ನು ಗಮನಿಸುವವರು ಯಾರು? ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ಅದಕ್ಕೇ ಮತ್ತೆ ಮತ್ತೆ ಕೇಳುತ್ತಿದ್ದೇನೆ. ನಮ್ಮ ಕಡೆಯ ಸ್ಕೂಲುಗಳಲ್ಲಿ ಮೇಷ್ಟ್ರಿಗೆ ಅಪ್ಪನ ಹೆಸರೂ ಗೊತ್ತಿರುತ್ತಿತ್ತು, ಮನೆಯೂ ಗೊತ್ತಿರುತ್ತಿತ್ತು. ಇಲ್ಲಿ ಅದನ್ನು ನಾವೇ ಹುಡುಕಿ ಕಟ್ಟಿಕೊಳ್ಳಬೇಕು.

ಬ್ಯಾಂಡಿಗೆ ಸಮಯ ಹೋಗುತ್ತದೆ ಅಂದೆ, ನಿಜ. ಶಾಲೆಯ ವೇಳೆಯ ಹೊರಗೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ರಿಹರ್ಸಲ್ ಮಾಡಿಸಬಾರದೆಂದು ಯುಐಎಲ್ (ಟೆಕ್ಸಸ್‌ನ ಶಾಲಾ ಸ್ಪರ್ಧೆಗಳ ಸಂಸ್ಥೆ) ನಿಯಮವಿದೆ, ಆದರೆ ಶುಕ್ರವಾರದ ಫುಟ್‌ಬಾಲ್ ಪಂದ್ಯ ಅದರಲ್ಲಿ ಲೆಕ್ಕವಿಲ್ಲ. ಹೊರೆ ಇರುವುದು ಆಗಸ್ಟಿನಿಂದ ನವೆಂಬರ್ ಮೊದಲವರೆಗೆ. ಆಮೇಲೆ ಕನ್ಸರ್ಟ್ ಸೀಸನ್, ಮೇ ತಿಂಗಳ ಎಪಿ ಪರೀಕ್ಷೆಗೆ ಐದಾರು ತಿಂಗಳು ಉಳಿಯುತ್ತದೆ. ಒಂದು ವರ್ಷ ಬಿಟ್ಟು ಹನ್ನೆರಡಕ್ಕೆ ವಾಪಸ್ ಬರುತ್ತೇನೆ ಅನ್ನುವುದು ಸುಲಭವಲ್ಲ: ಕ್ಲಾರಿನೆಟ್ ಹಿಡಿಯದೆ ಕೆಲವು ವಾರ ಕಳೆದರೆ ತುಟಿಯ ಕಸುವು ಹೋಗುತ್ತದೆ, ಮತ್ತೆ ಆಡಿಷನ್ ಕೊಡಬೇಕು. ಬೇಸಿಗೆಯಲ್ಲಿ ಆಲ್-ಸ್ಟೇಟ್ (ರಾಜ್ಯಮಟ್ಟದ ಬ್ಯಾಂಡ್) ಆಡಿಷನ್ನಿನ ಮೂರು ಎಟ್ಯೂಡ್, ಅಂದರೆ ಅಭ್ಯಾಸದ ತುಣುಕು, ಬಂದಾಗ ಮೆಟ್ರೊನೋಮ್ 60ಕ್ಕೆ ಇಟ್ಟು, ದಿನಕ್ಕೆ ಎರಡೆರಡು ಏರಿಸುತ್ತಾ ನೀನು ಕೂತದ್ದನ್ನು ಬಾಗಿಲ ಹೊರಗಿಂದ ಕೇಳಿದ್ದೇನೆ. ಅಷ್ಟು ತಾಳ್ಮೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು.

ಬ್ಯಾಂಡ್ ಉಳಿಸಿಕೊಂಡರೆ ಉಳಿದ ಐದೂ ಎಪಿ ಹಿಡಿಯಬೇಡ. ಫಿಸಿಕ್ಸ್ 1, ಕೆಮಿಸ್ಟ್ರಿ ಎರಡೂ ಒಂದೇ ವರ್ಷ ಬೇಡ, ಒಂದನ್ನು ಹನ್ನೆರಡಕ್ಕೆ ತಳ್ಳು. ರಾತ್ರಿ ಹನ್ನೊಂದಕ್ಕೆ ಲೈಟ್ ಆರಲಿ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿರಲಿ. ಪಿಎಸ್‌ಎಟಿ (ಎಸ್‌ಎಟಿಗೆ ಮುಂಚಿನ ಪರೀಕ್ಷೆ) ಅಕ್ಟೋಬರಿನಲ್ಲಿ, ಬ್ಯಾಂಡ್ ಸ್ಪರ್ಧೆಗಳ ನಡುವೆಯೇ ಬರುತ್ತದೆ. ತಯಾರಿ ಜೂನ್, ಜುಲೈಯಲ್ಲಿ ಮುಗಿಸು. ಎಪಿ ಪರೀಕ್ಷೆಗೆ ಹೆಸರು ಕೊಡಲು ಕೊನೆಯ ಗಡುವು ನವೆಂಬರ್ ಮಧ್ಯದ ಹೊತ್ತಿಗೆ, ಆಮೇಲೆ ದಂಡ ಕಟ್ಟಬೇಕು. ನೋ ಪಾಸ್ ನೋ ಪ್ಲೇ ನಿಯಮ ನಿನಗೆ ಅನ್ವಯಿಸಲಾರದು, ಆದರೂ ಗೊತ್ತಿರಲಿ: ಗ್ರೇಡಿಂಗ್ ಅವಧಿಯ ಕೊನೆಯಲ್ಲಿ ಯಾವುದಾದರೂ ಸಾಮಾನ್ಯ ಕೋರ್ಸಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಸ್ಪರ್ಧೆಗೆ ಇಳಿಯುವಂತಿಲ್ಲ.

ಫಾರ್ಮಿನ ಕೆಳಗೆ ಪರ್ಯಾಯ ಕೋರ್ಸುಗಳಿಗೆ ಜಾಗವಿದೆಯಲ್ಲ, ಅದನ್ನು ಖಾಲಿ ಬಿಟ್ಟಿದ್ದೀಯ. ಅದು ಬಹಳ ಮುಖ್ಯ. ಮೇಲಿನ ಹಂತದ ಬ್ಯಾಂಡಿಗೆ ದಿನದಲ್ಲಿ ಒಂದೇ ಪಿರಿಯಡ್. ಅದೇ ಪಿರಿಯಡ್ಡಿನಲ್ಲಿ ಒಂದೇ ಸೆಕ್ಷನ್ ಇರುವ ಇನ್ನೊಂದು ಕೋರ್ಸ್ ಬಿದ್ದರೆ ಎರಡರಲ್ಲಿ ಒಂದು ಹೋಗುತ್ತದೆ, ಆ ಜಾಗ ತುಂಬಲು ಮೊದಲು ನೋಡುವುದು ಪರ್ಯಾಯದ ಪಟ್ಟಿ. ಖಾಲಿ ಇದ್ದರೆ ಎಲ್ಲಿ ಸೀಟಿದೆಯೋ ಅಲ್ಲಿಗೆ ಹಾಕುತ್ತಾರೆ. ಎನ್ವಿರಾನ್ಮೆಂಟಲ್ ಸೈನ್ಸನ್ನು ಅಲ್ಲಿ ಬರೆಯಬಹುದು.

ಇಷ್ಟು ಹೇಳಿಯೂ ಬ್ಯಾಂಡ್ ಬೇಡ ಅನ್ನಿಸಿದರೆ ನಾನು ತಡೆಯುವುದಿಲ್ಲ. ಆದರೆ ಆ ಕಟ್ಟಡದಲ್ಲಿ ನಿನ್ನನ್ನು ಎರಡು ವರ್ಷ ಹತ್ತಿರದಿಂದ ನೋಡುವ ಇನ್ನೊಬ್ಬರು ಯಾರಾಗುತ್ತಾರೆ ಎಂದು ನನಗೆ ಹೇಳಬೇಕು. ರೋಬೋಟಿಕ್ಸ್ ಆಗಲಿ, ಡಿಬೇಟ್ ಆಗಲಿ, ಹೆಸರು ಹೇಳು ಸಾಕು. ಕೌನ್ಸೆಲರ್‌ಗೆ ಮೇಲ್ ನೀನೇ ಬರಿ, ನನ್ನನ್ನು ಸಿಸಿಯಲ್ಲಿ ಹಾಕುವುದು ಬೇಡ. ಗುರುವಾರ ರಾತ್ರಿ ಊಟದ ಹೊತ್ತಿಗೆ ಫಾರ್ಮ್ ತಂದುಕೊಡು, ಅಪ್ಪನೋ ನಾನೋ ಸಹಿ ಹಾಕುತ್ತೇವೆ.

ಅಮ್ಮ