ಆಭಾ ಸಂಖ್ಯೆ ಮಾಡಿಸಿದರೆ ಸಾಲದು, ದಾಖಲೆ ರೋಗಿಯ ಜೊತೆ ಹೋಗಬೇಕು: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಕೇಂದ್ರದ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂತು. ಅದರಡಿ ಒಬ್ಬೊಬ್ಬರಿಗೂ ಕೊಡುವ 14 ಅಂಕಿಯ ಆರೋಗ್ಯ ಗುರುತು, ಅಂದರೆ ಆಭಾ ಸಂಖ್ಯೆ, ಎಷ್ಟು ಜನರಿಗೆ ಆಗಿದೆ ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಮಳವಳ್ಳಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿದ ರಕ್ತಪರೀಕ್ಷೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ವೈದ್ಯರ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ ಎಂಬುದನ್ನೂ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಕೇಳಿ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು, ಉಳಿದೆರಡು ವೈದ್ಯಕೀಯ ಶಿಕ್ಷಣ ಇಲಾಖೆಯವು. ಎರಡೂ ಇಲಾಖೆಯವರನ್ನು ಒಂದೇ ಮೇಜಿನ ಮುಂದೆ ಕೂರಿಸಲು ತಮ್ಮಿಂದ ಸಾಧ್ಯ.

ತೊಡಕು ಶುರುವಾಗುವುದೇ ಓಪಿಡಿ ಚೀಟಿ ಬರೆಸುವ ಕೌಂಟರ್‌ನಲ್ಲಿ. ಚಲುವರಾಜು, ಚೆಲುವರಾಜ, ಚೆಲ್ವರಾಜ್: ಒಬ್ಬನೇ ಮನುಷ್ಯ, ಇಂಗ್ಲಿಷ್‌ನಲ್ಲಿ ಮೂರು ಸ್ಪೆಲ್ಲಿಂಗ್. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಜನವರಿ 1 ಎಂದಿರುತ್ತದೆ. ಮೊಬೈಲ್ ನಂಬರ್ ಬೆಂಗಳೂರಿನಲ್ಲಿರುವ ಮಗನದು; ದಾಖಲೆ ತೆರೆಯಲು ಒಪ್ಪಿಗೆಯ ಓಟಿಪಿಯೂ ಅಲ್ಲಿಗೇ ಹೋಗುತ್ತದೆ. ಸಾಲು ಬಾಗಿಲಾಚೆ ಬೆಳೆದಾಗ ರೋಗಿಯ ಹಳೆಯ ಆಸ್ಪತ್ರೆ ನಂಬರ್ ಹುಡುಕುವುದಕ್ಕಿಂತ ಹೊಸದು ಕೊಡುವುದೇ ಬೇಗ. ಆಗ ಪೆನಿಸಿಲಿನ್ ಅಲರ್ಜಿ ಒಂದು ಕಡತದಲ್ಲಿ ಉಳಿಯುತ್ತದೆ, ಇಂಜೆಕ್ಷನ್ ಇನ್ನೊಂದು ಕಡತ ನೋಡಿ ಬರೆಯಲಾಗುತ್ತದೆ. ಇಬ್ಬರ ದಾಖಲೆ ತಪ್ಪಾಗಿ ಒಂದಾಗುವುದು ಇದಕ್ಕಿಂತಲೂ ಅಪಾಯ. ಹಾಗಾಗಿ ಹೊಸ ನಂಬರ್ ಕೊಡುವ ಮೊದಲು ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ವರ್ಷ ಹಾಕಿ ಹುಡುಕುವುದು ಕಡ್ಡಾಯವಾಗಲಿ. ಎರಡು ಕಡತ ಜೋಡಿಸುವ ಕೆಲಸ ಕೌಂಟರ್‌ನವರಿಗೆ ಬೇಡ. ಅದಕ್ಕೆ ದಾಖಲೆ ವಿಭಾಗದ ತರಬೇತಾದ ಒಬ್ಬರಿರಲಿ, ಜೋಡಿಸಿದ್ದನ್ನು ಬಿಡಿಸುವ ಅವಕಾಶವೂ ಇರಲಿ.

ಲ್ಯಾಬ್ ರಿಪೋರ್ಟನ್ನು ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಪಿಡಿಎಫ್ ಏರಿಸಿದರೆ ಕಣ್ಣಿಗೆ ಕಾಣುತ್ತದೆ, ಅಷ್ಟೇ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಡೋಸ್ ನೋಡಿ ಎಂದು ತಂತ್ರಾಂಶ ಎಚ್ಚರಿಸಲಾರದು. ಕ್ರಿಯಾಟಿನಿನ್ನನ್ನೇ ಒಂದು ಲ್ಯಾಬ್ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ 1 ಎಂದು ಬರೆದದ್ದು ಲೀಟರ್‌ಗೆ ಮೈಕ್ರೋಮೋಲ್ ಲೆಕ್ಕದಲ್ಲಿ 88.4, ಅಳತೆಯ ಮಾನಕ್ಕೆ ಪ್ರತ್ಯೇಕ ಅಂಕಣವಿಲ್ಲದಿದ್ದರೆ ಅನರ್ಥ. ರಕ್ತ ಪರೀಕ್ಷಿಸುವ ಅನಲೈಸರ್ ಯಂತ್ರ ನೇರವಾಗಿ ಲ್ಯಾಬ್ ತಂತ್ರಾಂಶಕ್ಕೆ ಜೋಡಣೆಯಾಗಬೇಕು, ಪ್ರತಿ ಪರೀಕ್ಷೆಗೂ ಎಲ್ಲ ಕಡೆ ಒಂದೇ ಆಗಿರುವ ಅಂತರರಾಷ್ಟ್ರೀಯ ಗುರುತು, ಅಂದರೆ ಲಾಯಿಂಕ್ (LOINC) ಕೋಡ್, ಇರಬೇಕು. ಬಾರ್‌ಕೋಡ್ ಚೀಟಿಯನ್ನು ರಕ್ತ ತೆಗೆಯುವಾಗ ರೋಗಿಯ ಪಕ್ಕದಲ್ಲೇ ಟ್ಯೂಬಿಗೆ ಅಂಟಿಸಬೇಕು. ಮೊದಲೇ ಅಂಟಿಸಿಟ್ಟ ಟ್ಯೂಬುಗಳೇ ಅದಲುಬದಲಾಗುವುದು. ಟೆಂಡರ್‌ನಲ್ಲಿ ಒಂದು ಷರತ್ತು ತಪ್ಪದೆ ಹಾಕಿಸಿ: ಗುತ್ತಿಗೆ ಮುಗಿದ ದಿನ ಅಷ್ಟೂ ದಾಖಲೆಯನ್ನು ಡಿಜಿಟಲ್ ಮಿಷನ್ ದಾಖಲೆ ಹಂಚಿಕೊಳ್ಳಲು ಬಳಸುವ ಫೈರ್ (FHIR) ಮಾದರಿಯಲ್ಲೇ ಆಸ್ಪತ್ರೆಗೆ ಒಪ್ಪಿಸಬೇಕು.

ಕರೆಂಟ್ ಹೋದಾಗ ಯುಪಿಎಸ್‌ನಿಂದ ಕಂಪ್ಯೂಟರ್ ಓಡುತ್ತದೆ, ಆದರೆ ಕಾರಿಡಾರಿನ ನೆಟ್‌ವರ್ಕ್ ಸ್ವಿಚ್ ಸತ್ತಿರುತ್ತದೆ. ಯುಪಿಎಸ್ ಅದಕ್ಕೂ ಬೇಕು. ಕಂಪ್ಯೂಟರ್ ನಿಂತಾಗ ಬರೆಯಲು ನಂಬರ್ ಮುದ್ರಿಸಿದ ಕಾಗದದ ನಮೂನೆಗಳು ವಾರ್ಡ್‌ನಲ್ಲಿರಲಿ. ಆಮೇಲೆ ಕಂಪ್ಯೂಟರಿಗೆ ಏರಿಸುವಾಗ ಔಷಧಿ ಕೊಟ್ಟ ಸಮಯ ಬರೆಯಬೇಕೇ ಹೊರತು ಟೈಪ್ ಮಾಡಿದ ಸಮಯವಲ್ಲ.

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಯಿತು. ಬ್ಯಾಕಪ್‌ನ ಒಂದು ಪ್ರತಿ ನೆಟ್‌ವರ್ಕಿನಿಂದ ಹೊರಗಿರಲಿ, ಮೂರು ತಿಂಗಳಿಗೊಮ್ಮೆ ಅದರಿಂದ ದಾಖಲೆ ಮರಳಿ ತೆಗೆದು ನೋಡಲಿ. ವಾರ್ಡಿಗೆಲ್ಲ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಏನು ತಿದ್ದಿದರೆಂದು ತಿಳಿಯುವುದಿಲ್ಲ.

ಹೊಸ ತಂತ್ರಾಂಶ ಕೊಳ್ಳುವ ಮುನ್ನ ಪ್ರತಿ ತಾಲ್ಲೂಕು ಆಸ್ಪತ್ರೆಗೂ ದಾಖಲೆ ನೋಡಿಕೊಳ್ಳುವ ಒಬ್ಬ ಕಾಯಂ ಸಿಬ್ಬಂದಿ ಕೊಡಿಸಿ. ನಲವತ್ತು ಹಾಸಿಗೆ ನೋಡುವ ನರ್ಸಮ್ಮನ ಮೇಲೆ ಟೈಪಿಂಗನ್ನೂ ಹೊರಿಸಬೇಡಿ.

ಇಂತಿ,
ಆಸ್ಪತ್ರೆ ದಾಖಲೆ ಹಾಗೂ ಲ್ಯಾಬ್ ತಂತ್ರಾಂಶದ ಕೆಲಸದಲ್ಲಿರುವವರು, ಮಂಡ್ಯ