‘ಎಕ್ಸಿಕ್ಯೂಟರ್’ ಬದಲು ಬೇರೆ ನೌಕೆ ಕಳುಹಿಸಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ

ವಿಷಯ: ಜಾಹೀರಾತಿನಲ್ಲಿ ತೋರಿಸಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು, ಹಣ ವಾಪಸ್ ಕೋರಿ.

ಮಾನ್ಯರೇ,

‘ಸ್ಟಾರ್ ವಾರ್ಸ್’ ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಏರಿ ಬರುವ ‘ಎಕ್ಸಿಕ್ಯೂಟರ್’ ಬಾಹ್ಯಾಕಾಶ ನೌಕೆಯ 40 ಸೆಂ.ಮೀ. ಮಾದರಿ ಎಂದು ನೀವು ಹಾಕಿದ್ದ ಜಾಹೀರಾತು ನೋಡಿ, ಪೂರ್ತಿ ಹಣ ಮುಂಗಡವಾಗಿಯೇ ಕಟ್ಟಿ ತರಿಸಿಕೊಂಡೆ. ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದದ್ದು ಅದೇ ಚಿತ್ರಗಳ ಸಾಮಾನ್ಯ ಯುದ್ಧನೌಕೆ, ಸ್ಟಾರ್ ಡೆಸ್ಟ್ರಾಯರ್. ಕೆಳಗಿನ ಪೀಠಕ್ಕೆ ಮಾತ್ರ ‘ಎಕ್ಸಿಕ್ಯೂಟರ್’ ಎಂಬ ಸ್ಟಿಕ್ಕರ್ ಮೆತ್ತಿದ್ದೀರಿ. ಫೋನ್ ಮಾಡಿದರೆ ನಿಮ್ಮ ಕಸ್ಟಮರ್ ಕೇರ್‌ನವರು, “ಎರಡೂ ತ್ರಿಕೋನಾನೇ ಅಲ್ವಾ ಸಾರ್? ಮುರಿದಿದ್ರೆ ಫೋಟೋ ಕಳ್ಸಿ, ಇಲ್ಲಾಂದ್ರೆ ರಿಟರ್ನ್ ಆಗಲ್ಲ” ಎಂದರು.

ತ್ರಿಕೋನ ಹೌದು. ಆದರೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಆ ನೌಕೆ ಬರುವ ರೀತಿಯನ್ನೊಮ್ಮೆ ನೋಡಿ. ಮೊದಲು ಕಾಣುವುದೇ ನೀವು ಕಳುಹಿಸಿದಂಥ ಡೆಸ್ಟ್ರಾಯರ್‌ಗಳು. ಅವುಗಳ ಮೇಲೆ ಒಂದು ನೆರಳು ಹರಿಯುತ್ತದೆ. ಆ ನೆರಳು ಎಕ್ಸಿಕ್ಯೂಟರ್‌ನದು. ನಾನು ದುಡ್ಡು ಕೊಟ್ಟದ್ದು ನೆರಳು ಬೀಳಿಸುವ ನೌಕೆಗೆ. ನೀವು ಕೊಟ್ಟದ್ದು ನೆರಳಲ್ಲಿ ನಿಂತದ್ದನ್ನು.

ನಿಮ್ಮ ಪೆಟ್ಟಿಗೆಯೇ ಸಾಕ್ಷಿ ಹೇಳುತ್ತಿದೆ. ಅದರ ಮೇಲೆ ಅಳತೆ 1:4000 ಎಂದು ಅಚ್ಚಾಗಿದೆ. ಸ್ಟಾರ್ ಡೆಸ್ಟ್ರಾಯರ್‌ನ ಉದ್ದ 1,600 ಮೀಟರ್, ಅಂದರೆ ಈ ಅಳತೆಯಲ್ಲಿ ಸರಿಯಾಗಿ 40 ಸೆಂ.ಮೀ. ಎಕ್ಸಿಕ್ಯೂಟರ್‌ನದು 19 ಕಿ.ಮೀ. ಅದೇ ಅಳತೆಯಲ್ಲಿ ಮಾಡಿದ್ದರೆ 4.75 ಮೀಟರ್ ಆಗಿ, ನಮ್ಮ ಮನೆಯ ಹಾಲ್‌ನಲ್ಲಿ ಹಿಡಿಸುತ್ತಲೇ ಇರಲಿಲ್ಲ. ಹಳೆಯ ಪುಸ್ತಕಗಳ 8 ಕಿ.ಮೀ. ಲೆಕ್ಕ ಹಿಡಿದರೂ 2 ಮೀಟರ್ ಬೇಕು. ಇನ್ನು ಎಂಜಿನ್: ಎಕ್ಸಿಕ್ಯೂಟರ್‌ಗೆ 13, ಇದರ ಹಿಂಬದಿಯಲ್ಲಿ ದೊಡ್ಡವು 3, ಸಣ್ಣವು 4. ನಡುಬೆನ್ನಿನ ಮೇಲೆ ಇಡೀ ಪಟ್ಟಣದಂತೆ ಹರಡಿರಬೇಕಾದ ಕಟ್ಟಡಗಳ ಸುಳಿವೇ ಇಲ್ಲ. 1983ರ ಚಿತ್ರದಲ್ಲಿ ಎ-ವಿಂಗ್ ಎಂಬ ಒಂದು ಪುಟ್ಟ ಯುದ್ಧವಿಮಾನ ಬಂದು ಅಪ್ಪಳಿಸುವ ಬ್ರಿಜ್, ಅಂದರೆ ನೌಕೆ ನಡೆಸುವ ಕೋಣೆ, ಆ ಭಾರೀ ಒಡಲಿನ ಮೇಲೆ ಎದ್ದೂ ಕಾಣದಷ್ಟು ಚಿಕ್ಕದು. ನಿಮ್ಮದರಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದೇ ಅದು.

1977ರ ಮೊದಲ ಚಿತ್ರದಲ್ಲಿ ವೇಡರ್ ಬರುವುದು ‘ಡೆವಾಸ್ಟೇಟರ್’ ಎಂಬ ಡೆಸ್ಟ್ರಾಯರ್‌ನಲ್ಲೇ. ಆ ಹೆಸರಿಟ್ಟು ಮಾರಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಮಾದರಿಯ ಕೆಲಸವೂ ಚೆನ್ನಾಗಿಯೇ ಇದೆ.

ತನ್ನ ಕೈಕೆಳಗಿನ ಅಡ್ಮಿರಲ್ ಓಜೆಲ್ ತಪ್ಪು ಮಾಡಿದಾಗ ವೇಡರ್ ಕೂತಲ್ಲಿಂದಲೇ, ಮುಟ್ಟದೆಯೇ, ಆತನ ಕತ್ತು ಹಿಸುಕಿದ. ನನಗೆ ಅಷ್ಟೆಲ್ಲ ಬೇಡ, ಹಣ ಬಂದರೆ ಸಾಕು. ಸಮಾಧಾನಕ್ಕೆಂದು ಕಳುಹಿಸಿದ ಕೂಪನ್ ಕೂಡ ಬೇಡ. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. 15 ದಿನದೊಳಗೆ ಡೆಲಿವರಿ ಶುಲ್ಕವೂ ಸೇರಿ ಪೂರ್ತಿ ಹಣ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ.

ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಹಾಗೂ ಪೆಟ್ಟಿಗೆಯ ಫೋಟೋಗಳನ್ನು ಲಗತ್ತಿಸಿದ್ದೇನೆ. ಸ್ಟಿಕ್ಕರ್ ಕಿತ್ತಿಲ್ಲ.

ಇಂತಿ,
ನಿಮ್ಮ ಗ್ರಾಹಕ